ಡಿ-ಡೇ ದಿನವೇ ಡೋನಟ್ ಡೇ!

'ಜೂನ್ 6, 1944: ಡಿ-ಡೇ, ನಾರ್ಮಂಡಿ.' ನನ್ನ ನೋಟ್‌ಬುಕ್ಕಿನಲ್ಲಿ ಈ ಸಾಲು ಕೆಂಪು ಶಾಯಿಯಲ್ಲಿ ಕುಳಿತು ಮೂರು ವರ್ಷವಾಯಿತು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ತಾರೀಖುಗಳೇ ದೇವರು ನೋಡಿ. ಆದರೆ ಮಾಕ್ ಟೆಸ್ಟ್‌ನಲ್ಲಿ ನಾರ್ಮಂಡಿ ಯಾವ ದೇಶದಲ್ಲಿದೆ ಎಂದು ಕೇಳಿದಾಗ ತಪ್ಪು ಉತ್ತರಕ್ಕೆ ಟಿಕ್ ಹಾಕಿ ಬಂದವನೂ ನಾನೇ.

2025ರ ಜೂನ್ 6ರಂದು ಮೊಬೈಲ್‌ನಲ್ಲಿ 'ಇಂದಿನ ವಿಶೇಷ' ನೋಡುತ್ತಿದ್ದೆ. ಡಿ-ಡೇ ಕೆಳಗೇ 'ಅಮೆರಿಕದಲ್ಲಿ ರಾಷ್ಟ್ರೀಯ ಡೋನಟ್ ದಿನ' ಎಂದಿತ್ತು. ಅಲ್ಲಿ ಜೂನ್‌ನ ಮೊದಲ ಶುಕ್ರವಾರ ಡೋನಟ್ ದಿನವಂತೆ. ಆ ವರ್ಷ ಅದು ಆರನೇ ತಾರೀಖಿಗೇ ಬಿದ್ದಿತ್ತು. ನನಗೆ ಸಿಟ್ಟೇ ಬಂತು. ಒಂದೂವರೆ ಲಕ್ಷಕ್ಕೂ ಹೆಚ್ಚು ಸೈನಿಕರು ಸಮುದ್ರ, ಆಕಾಶ ಎರಡೂ ದಾರಿಯಿಂದ ಫ್ರಾನ್ಸ್‌ಗೆ ಇಳಿದ ದಿನವದು. ಒಮಾಹಾ ತೀರದಲ್ಲಿ ದೋಣಿಯ ಬಾಗಿಲು ತೆರೆಯುತ್ತಿದ್ದಂತೆಯೇ ಎಷ್ಟೋ ಅಮೆರಿಕನ್ ಹುಡುಗರು ಗುಂಡಿಗೆ ಬಲಿಯಾದರು. ಆ ತೀರದ ಮೇಲಿನ ಸ್ಮಶಾನದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಸಮಾಧಿಗಳಿವೆ. ಅಂಥ ದಿನ ಅಂಗಡಿಗಳಲ್ಲಿ ಫ್ರೀ ಡೋನಟ್ ಹಂಚುವುದೇ?

ಬೈಯಲೆಂದೇ ಹುಡುಕಲು ಕುಳಿತೆ. ಸಿಕ್ಕಿದ್ದು ಬೇರೆಯೇ.

ಮೊದಲ ಮಹಾಯುದ್ಧ, 1917. ಫ್ರಾನ್ಸ್‌ನಲ್ಲಿದ್ದ ಅಮೆರಿಕನ್ ಸೈನಿಕರ ಸೇವೆಗೆ ಸಾಲ್ವೇಶನ್ ಆರ್ಮಿ ಸಂಸ್ಥೆಯ ಹೆಣ್ಣುಮಕ್ಕಳು ಹೋಗಿದ್ದರು. ಮನೆ ನೆನಪಾಗಿ ಕುಗ್ಗಿದ್ದ ಹುಡುಗರಿಗೆ ಏನಾದರೂ ಮಾಡಿಕೊಡೋಣವೆಂದರೆ ಸರಿಯಾದ ಅಡುಗೆಮನೆಯಿಲ್ಲ, ಲಟ್ಟಣಿಗೆಯೂ ಇಲ್ಲ. ವೈನ್ ಬಾಟಲಿಯಿಂದಲೇ ಹಿಟ್ಟು ಲಟ್ಟಿಸಿ, ಪುಟ್ಟ ಬಾಣಲೆಯಲ್ಲಿ ಒಂದಿಷ್ಟಿಷ್ಟೇ ಡೋನಟ್ ಕರಿದು ಕೊಟ್ಟರು. ಸೈನಿಕರು ಸಾಲುಗಟ್ಟಿ ನಿಂತರು. ಆ ಹೆಣ್ಣುಮಕ್ಕಳ ನೆನಪಿಗೆ, ಜೊತೆಗೆ ಬಡವರಿಗಾಗಿ ಹಣ ಕೂಡಿಸಲು, 1938ರಲ್ಲಿ ಶಿಕಾಗೋದಲ್ಲಿ ಡೋನಟ್ ದಿನ ಶುರುವಾಯಿತು. ಡಿ-ಡೇ ಆದ ಕೆಲವೇ ವಾರಗಳಲ್ಲಿ ರೆಡ್‌ಕ್ರಾಸ್ ಮಹಿಳೆಯರು ಲಾರಿಗಳಲ್ಲಿ ಕಾಫಿ, ಡೋನಟ್ ಹೊತ್ತು ನಾರ್ಮಂಡಿಗೂ ಹೋಗಿದ್ದರು.

ಅಂದರೆ ನಾನು ತಮಾಷೆ ಎಂದುಕೊಂಡಿದ್ದೇ ಯುದ್ಧದ ಇತಿಹಾಸ. (ಜೂನ್ 6 ಯೋ-ಯೋ ದಿನವೂ ಹೌದು. ಅದರಲ್ಲಿ ಯುದ್ಧ ಹುಡುಕಲು ನಾನು ಹೋಗಲಿಲ್ಲ!) ನನ್ನ ತಕರಾರು ಈಗ ಡೋನಟ್ ಮೇಲಿಲ್ಲ, ಕಥೆ ಬಿಟ್ಟು ಆಫರ್ ಮಾತ್ರ ಉಳಿಸಿಕೊಂಡ ಅಂಗಡಿಗಳ ಮೇಲಿದೆ. ತಾರೀಖು ಮಾತ್ರ ಉಳಿಸಿಕೊಂಡ ನನ್ನ ನೋಟ್‌ಬುಕ್ ಮೇಲೂ ಇದೆ. ಇಬ್ಬರೂ ಮಾಡಿದ್ದು ಒಂದೇ ತಪ್ಪು.

ಲೈಬ್ರರಿಯಲ್ಲಿ ಪಕ್ಕ ಕೂರುವ ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. "ಲೋ, ಇದೆಲ್ಲ ಎಕ್ಸಾಮ್‌ಗೆ ಬರುತ್ತೇನೋ?" ಎಂದ. ಬರಲ್ಲ ಎಂದೆ. ಆಮೇಲೆ ಇನ್ನೊಂದು ಹೇಳಿದೆ: ದಾಳಿ ಸೋತರೆ ಹೊಣೆ ನನ್ನದೇ ಎಂದು ಸೇನಾಪತಿ ಐಸೆನ್‌ಹೋವರ್ ಮೊದಲೇ ಒಂದು ಚೀಟಿ ಬರೆದಿಟ್ಟಿದ್ದರು. ಆ ಒತ್ತಡದಲ್ಲಿ ಜೂನ್ 5 ಎನ್ನುವ ಬದಲು ಜುಲೈ 5 ಎಂದು ತಾರೀಖು ಹಾಕಿದ್ದರು.

ಗೆಳೆಯ ಪುಸ್ತಕ ಮುಚ್ಚಿದ. "ಆಮೇಲೇನಾಯ್ತು?" ಎಂದ.