ನಿಂತಲ್ಲೇ ಸೊರಗುವ ಬ್ಯಾಟರಿ

ಮುಂಬಯಿಯಲ್ಲಿ ಕಾರು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಆಫೀಸಿಗೆ ಲೋಕಲ್ ಟ್ರೈನು, ಊರಿಗೆ ಮತ್ಸ್ಯಗಂಧ. ಕಾರು ಮಾತ್ರ ಸೊಸೈಟಿಯ ಸ್ಟಿಲ್ಟ್ ಪಾರ್ಕಿಂಗ್‌ನಲ್ಲಿ ಧೂಳು ಹೊದ್ದು ಮಲಗಿರುತ್ತದೆ. ಆದರೆ ನಡುರಾತ್ರಿ ಮನೆಯ ಹಿರಿಯರನ್ನು ಆಸ್ಪತ್ರೆಗೆ ಒಯ್ಯಬೇಕಾದಾಗ ನೆನಪಾಗುವುದೂ ಅದೇ. ಆಗ ಕೀಲಿ ತಿರುಗಿಸಿದರೆ ‘ಟಕ್ ಟಕ್’ ಸದ್ದಷ್ಟೇ ಬಂದರೆ?

ಲೆಕ್ಕ ಹಾಕಿ ನೋಡಿ. ನಿಂತ ಕಾರಿನಲ್ಲೂ ಅಲಾರ್ಮ್, ಸೆಂಟ್ರಲ್ ಲಾಕ್, ಗಡಿಯಾರಗಳು ಒಂದಿಷ್ಟು ಕರೆಂಟು ಹೀರುತ್ತಲೇ ಇರುತ್ತವೆ. ಅದು 50 ಮಿಲಿ ಆಂಪಿಯರ್ ಎಂದಿಟ್ಟುಕೊಂಡರೆ ದಿನಕ್ಕೆ 1.2 ಆಂಪಿಯರ್-ಅವರ್, 30 ದಿನಕ್ಕೆ 36. ಸಣ್ಣ ಕಾರಿನ ಬ್ಯಾಟರಿಯ ಒಟ್ಟು ಸಾಮರ್ಥ್ಯವೇ ಸುಮಾರು 35! ಮೇ ರಜೆ ಮುಗಿಸಿ ಬರುವಷ್ಟರಲ್ಲಿ ಕಥೆ ಮುಗಿದಿರುತ್ತದೆ. ಖಾಲಿಯಾಗಿಯೇ ಉಳಿದ ಲೆಡ್-ಆಸಿಡ್ ಬ್ಯಾಟರಿಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಳೆಯ ಕಸುವು ಬಾರದು. ವಾಚ್‌ಮನ್ ಕೈಗೆ ಕೀಲಿ ಕೊಟ್ಟು ಐದು ನಿಮಿಷ ಎಂಜಿನ್ ಓಡಿಸಲು ಹೇಳುವವರಿದ್ದಾರೆ. ಅದರಿಂದ ತುಂಬುವುದು ಅಷ್ಟಕ್ಕಷ್ಟೆ, ಪೆಟ್ರೋಲು ದಂಡ.

ಫ್ಲೋಟ್ ಚಾರ್ಜರ್ ಬ್ಯಾಟರಿಯನ್ನು 13.5 ವೋಲ್ಟಿನ ಆಸುಪಾಸಿನಲ್ಲಿ ಹಿಡಿದಿಟ್ಟು, ಸೋರಿದಷ್ಟನ್ನು ಮಾತ್ರ ತುಂಬುತ್ತದೆ. ಹಳೆಯ ಮಾದರಿಯ ಟ್ರಿಕಲ್ ಚಾರ್ಜರ್ ಹಾಗಲ್ಲ. ಬ್ಯಾಟರಿ ತುಂಬಿದ ಮೇಲೂ ಕರೆಂಟು ತಳ್ಳುತ್ತಲೇ ಇರುತ್ತದೆ, ವಾರಗಟ್ಟಲೆ ಬಿಟ್ಟರೆ ಒಳಗಿನ ನೀರು ಆರುತ್ತದೆ. ಕೊಳ್ಳುವಾಗ ಇದನ್ನು ಕೇಳಿ ತಿಳಿಯಿರಿ. ಸ್ಟಾರ್ಟ್-ಸ್ಟಾಪ್ ಇರುವ ಕಾರಾದರೆ ಬ್ಯಾಟರಿ ಸಾಮಾನ್ಯವಾಗಿ ಎ.ಜಿ.ಎಂ. ಅಥವಾ ಇ.ಎಫ್.ಬಿ. ಬಗೆಯದು, ಚಾರ್ಜರಿನ ಮೇಲೂ ಆ ಹೆಸರಿರಬೇಕು. ಕೆಂಪು ಕ್ಲಿಪ್ ಪ್ಲಸ್ ತುದಿಗೆ, ಕಪ್ಪು ಕ್ಲಿಪ್ ಬ್ಯಾಟರಿಯಿಂದ ದೂರದ, ಬಣ್ಣವಿಲ್ಲದ ಲೋಹದ ಭಾಗಕ್ಕೆ, ಸ್ವಿಚ್ ಕೊನೆಗೆ. ಬ್ಯಾಟರಿ ಚೆನ್ನಾಗಿರುವಾಗಲೇ ಹಾಕಬೇಕು. ಸತ್ತದ್ದನ್ನು ಇದು ಬದುಕಿಸುವುದಿಲ್ಲ.

ನಮ್ಮಲ್ಲಿ ನಿಜವಾದ ತೊಡಕು ಚಾರ್ಜರ್ ಅಲ್ಲ, ಪ್ಲಗ್ ಪಾಯಿಂಟು. ಊರಿನಲ್ಲಾದರೆ ಜಗಲಿಯಿಂದ ಅಂಗಳಕ್ಕೊಂದು ವಯರ್ ಎಳೆದರಾಯಿತು. ಮುಲುಂಡಿನ ಆರನೇ ಮಹಡಿಯಿಂದ ಎಳೆಯಲಾದೀತೇ? ಮೆಟ್ಟಿಲ ಬಳಿಯ ಪಾಯಿಂಟಿಗೆ ಗುಟ್ಟಾಗಿ ಸಿಕ್ಕಿಸಿದಿರೋ, ಮುಂದಿನ ಜನರಲ್ ಬಾಡಿ ಮೀಟಿಂಗಿನಲ್ಲಿ ನಿಮ್ಮದೇ ಹೆಸರು. ಅದಕ್ಕಿಂತ ಕಾಗದದಲ್ಲೇ ಲೆಕ್ಕ ಬರೆದು ಸೆಕ್ರೆಟರಿಗೆ ಕೊಡಿ: 5 ವಾಟ್ ಎಂದು ಹಿಡಿದರೂ ತಿಂಗಳಿಡೀ ಉರಿಯುವುದು 3.6 ಯುನಿಟ್. ಸಬ್-ಮೀಟರ್ ಇಟ್ಟು, ಗೋಡೆಯ ಮೇಲೆ ಎತ್ತರದಲ್ಲಿ ಮೂರು ಪಿನ್ನಿನ ಪಾಯಿಂಟ್ ಕೇಳಿ. ಎಕ್ಸ್‌ಟೆನ್ಶನ್ ಬೋರ್ಡನ್ನು ನೆಲದ ಮೇಲಂತೂ ಇಡಲೇಬೇಡಿ. ಜುಲೈ ಮಳೆಗೆ ಸಾಯನ್, ಕುರ್ಲಾ ಕಡೆ ನೀರು ಎಲ್ಲಿಯವರೆಗೆ ಬರುತ್ತದೆಂದು ನಿಮಗೇ ಗೊತ್ತು.

ಕಮಿಟಿ ಒಪ್ಪದಿದ್ದರೆ, ಊರಿಗೆ ಹೊರಡುವ ದಿನ ಬ್ಯಾಟರಿಯ ಮೈನಸ್ ತುದಿಯ ವಯರ್ ಬಿಚ್ಚಿಡಿ. ಸೆಂಟ್ರಲ್ ಲಾಕ್ ಕೆಲಸ ಮಾಡುವುದಿಲ್ಲ, ಬಾಗಿಲನ್ನು ಕೀಲಿ ತಿರುಗಿಸಿಯೇ ಹಾಕಬೇಕು. ಬಂದ ಮೇಲೆ ಗಡಿಯಾರ, ರೇಡಿಯೊ ಮತ್ತೆ ಹೊಂದಿಸಿಕೊಂಡರಾಯಿತು.