ನಂಜೋ, ಅಲರ್ಜಿಯೋ?

ಪೀಣ್ಯದಿಂದ ಒಬ್ಬ ಅಜ್ಜಿ ಪತ್ರ ಬರೆದಿದ್ದಾರೆ. ಮಗ, ಸೊಸೆ ಇಬ್ಬರೂ ಶಿಫ್ಟ್ ಕೆಲಸಕ್ಕೆ ಹೋಗುವವರು. ಎಂಟು ವರ್ಷದ ಮೊಮ್ಮಗನಿಗೆ ಆಗಾಗ ಮೈಮೇಲೆ ಗಂಧೆ ಏಳುತ್ತಿತ್ತು. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಲ್ಯಾಬಿನವರಿಂದ ಅಲರ್ಜಿ ಪ್ಯಾಕೇಜ್ ಮಾಡಿಸಿದರು. ವರದಿಯಲ್ಲಿ ಹಾಲು, ಗೋಧಿ, ಕಡಲೆಕಾಯಿ, ತೊಗರಿಬೇಳೆ ಸೇರಿ ಹನ್ನೊಂದು ಪದಾರ್ಥಗಳ ಮುಂದೆ 'ಪಾಸಿಟಿವ್' ಎಂದಿತ್ತು. ಅಂದಿನಿಂದ ಹನ್ನೊಂದೂ ಬಂದ್. "ಮೂರು ತಿಂಗಳಲ್ಲಿ ಮಗು ಎರಡು ಕೆ.ಜಿ. ಇಳಿದಿದ್ದಾನೆ. ಗಂಧೆ ಮಾತ್ರ ಹಾಗೇ ಏಳುತ್ತಿದೆ. ಅನ್ನಕ್ಕೆ ಏನು ಕಲಸಿ ಕೊಡಲಿ?" ಎಂದು ಕೇಳಿದ್ದಾರೆ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಅಪಾರ್ಟ್‌ಮೆಂಟ್‌ಗಳಲ್ಲೂ ಇದೇ ಪ್ರಶ್ನೆ ಕೇಳುತ್ತಿರುತ್ತೇನೆ. ಆದ್ದರಿಂದ ಈ ವಾರ ಇದನ್ನೇ ಬಿಡಿಸಿ ನೋಡೋಣ. ಮಕ್ಕಳೇ, ಅಜ್ಜಿ ತಾತನ ಪಕ್ಕದಲ್ಲಿ ಕೂತು ಓದಿ.

ನಮ್ಮ ಹಿರಿಯರಿಗೆ ಈ ವಿಷಯ ಹೊಸದಲ್ಲ. 'ಬದನೆಕಾಯಿ ನಂಜು, ತಿನ್ನಬೇಡ' ಎಂಬ ಮಾತು ಯಾವ ಮನೆಯಲ್ಲಿ ಕೇಳಿಲ್ಲ? ಮೈಸೂರಿನ ವಿಜ್ಞಾನಿಗಳು ಈ ಮಾತನ್ನೇ ಪರೀಕ್ಷೆಗೆ ಹಚ್ಚಿದರು. ಬದನೆಕಾಯಿ ತಿಂದರೆ ಆಗದವರು ಎಷ್ಟು ಮಂದಿ ಎಂದು ನೂರಾರು ಜನರನ್ನು ವಿಚಾರಿಸಿ, ಚರ್ಮದ ಪರೀಕ್ಷೆ, ರಕ್ತಪರೀಕ್ಷೆ ಮಾಡಿ 2008ರಲ್ಲಿ ಪ್ರಕಟಿಸಿದರು. ನೂರಕ್ಕೆ ಒಂಬತ್ತು ಹತ್ತು ಜನರಿಗೆ ಏನೋ ಒಂದು ತೊಂದರೆ ಕಂಡಿತು. ಆದರೆ ನಿಜವಾದ ಅಲರ್ಜಿ ಇದ್ದವರು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಬದನೆಕಾಯಿಯಲ್ಲಿ ತಾನಾಗಿಯೇ ಹಿಸ್ಟಮಿನ್‌ನಂಥ ತುರಿಕೆ ತರುವ ವಸ್ತುಗಳಿರುತ್ತವೆ. ಅದರಿಂದ ಬಾಯಿ ಕೆರೆದರೆ ಅದು ಅಲರ್ಜಿಯಲ್ಲ. ಅಜ್ಜಿ ಹೇಳಿದ್ದೂ ಸುಳ್ಳಲ್ಲ, ಆದರೆ 'ನಂಜು' ಎಲ್ಲವೂ ಅಲರ್ಜಿಯಲ್ಲ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವುದೂ ಅನೇಕರಲ್ಲಿ ಅಲರ್ಜಿಯಲ್ಲ; ಹಾಲಿನ ಸಕ್ಕರೆ ಜೀರ್ಣವಾಗದ ತೊಂದರೆ.

ಹಾಗಾದರೆ ಅಲರ್ಜಿ ಎಂದರೇನು? ಈ ಪದವನ್ನು 1906ರಲ್ಲಿ ಕಟ್ಟಿದವರು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ಕಾಯಿಲೆಯಿಂದ ನಮ್ಮನ್ನು ಕಾಯಬೇಕಾದ ದೇಹದ ಕಾವಲುಗಾರ, ಮನೆಗೆ ಬಂದ ನೆಂಟನನ್ನೇ ಕಳ್ಳನೆಂದು ತಿಳಿದು ಹೊಡೆಯುವುದೇ ಅಲರ್ಜಿ.

1921ರಲ್ಲಿ ನಡೆದ ಒಂದು ಪ್ರಯೋಗ ಮಕ್ಕಳಿಗೆ ಇಷ್ಟವಾದೀತು. ಜರ್ಮನಿಯ ವೈದ್ಯ ಹೈನ್ಸ್ ಕ್ಯೂಸ್ಟ್ನರ್ ಅವರಿಗೆ ಬೇಯಿಸಿದ ಮೀನು ಆಗುತ್ತಿರಲಿಲ್ಲ. ಅವರ ಜೊತೆಗಾರ ಪ್ರೌಸ್ನಿಟ್ಸ್ ಅವರಿಗೆ ಮೀನಿನಿಂದ ಏನೂ ಆಗುತ್ತಿರಲಿಲ್ಲ. ಪ್ರೌಸ್ನಿಟ್ಸ್ ಏನು ಮಾಡಿದರು ಗೊತ್ತೇ? ಗೆಳೆಯನ ರಕ್ತದ ತಿಳಿಯನ್ನು ತಮ್ಮ ಚರ್ಮದೊಳಗೆ ಚುಚ್ಚಿಕೊಂಡು, ಮರುದಿನ ಅದೇ ಜಾಗಕ್ಕೆ ಮೀನಿನ ಸಾರವನ್ನು ಚುಚ್ಚಿದರು. ಅಲ್ಲಿ ಗಂಧೆ ಎದ್ದಿತು! ಅಲರ್ಜಿಯನ್ನು ಹೊತ್ತೊಯ್ಯುವ ಏನೋ ಒಂದು ರಕ್ತದಲ್ಲಿದೆ ಎಂದು ಹೀಗೆ ತಿಳಿಯಿತು. ಅದು 'ಐಜಿಇ' ಎಂಬ ಪ್ರತಿಕಾಯ ಎಂದು ಗೊತ್ತಾಗಲು 1960ರ ದಶಕದ ಕೊನೆಯವರೆಗೆ ಕಾಯಬೇಕಾಯಿತು. ಈಗ ಲ್ಯಾಬಿನಲ್ಲಿ ಅಳೆಯುವುದು ಅದನ್ನೇ. (ಇಂಥ ಪ್ರಯೋಗವನ್ನು ನೀವು ಮಾತ್ರ ಮಾಡಬೇಡಿ. ರಕ್ತದ ಮೂಲಕ ಬೇರೆ ಕಾಯಿಲೆಗಳೂ ಬರುತ್ತವೆ.)

ಈಗ ಪೀಣ್ಯದ ಅಜ್ಜಿಯ ಪ್ರಶ್ನೆಯ ಗಂಟು ಬಿಚ್ಚೋಣ. ರಕ್ತದಲ್ಲಿ ಐಜಿಇ ಕಂಡರೆ ಅಲರ್ಜಿ ಇದ್ದೇ ಇದೆ ಎಂದಲ್ಲ. ಇದಕ್ಕೆ ಸಾಕ್ಷಿ ನಮ್ಮ ಊರುಗಳಲ್ಲೇ ಇದೆ. ಯುರೋಪ್ರಿವಾಲ್ ಎಂಬ ಅಂತರರಾಷ್ಟ್ರೀಯ ಅಧ್ಯಯನದ ಭಾಗವಾಗಿ ಮೈಸೂರಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಬೆಂಗಳೂರು, ಮೈಸೂರುಗಳ ಸಾವಿರಾರು ವಯಸ್ಕರನ್ನು ವಿಚಾರಿಸಿ, ಅವರಲ್ಲಿ ಕೆಲವು ನೂರು ಜನರ ರಕ್ತವನ್ನು 24 ಆಹಾರಗಳಿಗೆ ಪರೀಕ್ಷಿಸಿದರು. 2016ರಲ್ಲಿ ಫಲಿತಾಂಶ ಬಂತು. ನೂರರಲ್ಲಿ 26 ಜನರಿಗೆ ಯಾವುದಾದರೊಂದು ಆಹಾರಕ್ಕೆ ರಕ್ತಪರೀಕ್ಷೆ ಪಾಸಿಟಿವ್. ಆದರೆ ಆ ಆಹಾರ ತಿಂದಾಗ ನಿಜಕ್ಕೂ ತೊಂದರೆಯಾಗುವ, ಅಲರ್ಜಿ ಇರಬಹುದಾದವರು ನೂರಕ್ಕೆ ಸುಮಾರು ಒಬ್ಬರು. ಮಿಕ್ಕವರು ಅದನ್ನೇ ತಿಂದು ಆರಾಮಾಗಿದ್ದರು. 6ರಿಂದ 11 ವರ್ಷದ ಮಕ್ಕಳಲ್ಲಿ ನಡೆದ ಇಂಥದೇ ಸಮೀಕ್ಷೆಯಲ್ಲಿ ನಮ್ಮ ಕಡೆ ಆಹಾರದ ಅಲರ್ಜಿ ಕಂಡದ್ದು ಸಾವಿರಕ್ಕೆ ಒಬ್ಬರು, ಇಬ್ಬರಲ್ಲಿ.

ಆದ್ದರಿಂದ ತಿಳಿದ ವೈದ್ಯರು ಮೊದಲು ಕೇಳುವುದು ರಕ್ತವನ್ನಲ್ಲ, ಕತೆಯನ್ನು. ಏನು ತಿಂದ? ಎಷ್ಟು ತಿಂದ? ಎಷ್ಟು ಹೊತ್ತಿಗೆ ಶುರುವಾಯಿತು? ಇನ್ನೊಂದು ಸಲ ತಿಂದಾಗಲೂ ಹಾಗೇ ಆಯಿತೇ? ಐಜಿಇ ಅಲರ್ಜಿ ಸಾಮಾನ್ಯವಾಗಿ ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ ಕಾಣುತ್ತದೆ. ಕತೆ ಹೊಂದಿದರೆ ಆಗ ಚರ್ಮದ ಪರೀಕ್ಷೆ. ಮುಂಗೈ ಮೇಲೆ ಆಹಾರದ ಸಾರದ ಹನಿಯಿಟ್ಟು, ಅದರ ಮೂಲಕ ಸೂಜಿಯ ತುದಿಯಿಂದ ಮೆಲ್ಲಗೆ ಚುಚ್ಚುತ್ತಾರೆ. ಪಕ್ಕದಲ್ಲೇ ಉಪ್ಪುನೀರಿನ ಒಂದು ಹನಿ, ಹಿಸ್ಟಮಿನ್‌ನ ಒಂದು ಹನಿ; ಒಂದರಲ್ಲಿ ಗಂಧೆ ಏಳಬಾರದು, ಇನ್ನೊಂದರಲ್ಲಿ ಏಳಬೇಕು. ಕಾಲು ಗಂಟೆಯಲ್ಲಿ ಉಪ್ಪುನೀರಿನ ಜಾಗಕ್ಕಿಂತ 3 ಮಿ.ಮೀ. ದೊಡ್ಡ ಗುಳ್ಳೆ ಎದ್ದರೆ ಪಾಸಿಟಿವ್. ಅಲರ್ಜಿ ಮಾತ್ರೆ ತಿನ್ನುತ್ತಿದ್ದರೆ ಗುಳ್ಳೆ ಏಳುವುದಿಲ್ಲ. ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ವೈದ್ಯರನ್ನು ಕೇಳಿಕೊಳ್ಳಿ.

ಇಷ್ಟಾದರೂ ಅನುಮಾನ ಉಳಿದರೆ ಕೊನೆಯ ತೀರ್ಪು ತಿಂದು ನೋಡುವುದೇ. ಆಸ್ಪತ್ರೆಯಲ್ಲಿ, ಔಷಧಿ ಸಿದ್ಧವಿಟ್ಟುಕೊಂಡು, ಚಿಟಿಕೆಯಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ ತಿನ್ನಿಸುತ್ತಾರೆ. ಇದನ್ನು ಮನೆಯಲ್ಲಿ ಮಾಡುವಂತಿಲ್ಲ.

ಇನ್ನು 'ಐಜಿಜಿ' ಪರೀಕ್ಷೆ ಎಂದು ನೂರಾರು ಪದಾರ್ಥಗಳ ಪಟ್ಟಿ ಕೊಡುವವರಿದ್ದಾರೆ. ಐಜಿಜಿ ನಾವು ತಿಂದ ಊಟದ ಗುರುತು ಅಷ್ಟೇ. ಅಲರ್ಜಿ ಪತ್ತೆಗೆ ಇದನ್ನು ಬಳಸಬೇಡಿ ಎಂದು ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2008ರಲ್ಲೇ ಹೇಳಿದೆ.

ಹಾಗಾದರೆ ಮನೆಯಲ್ಲಿ ಮಾಡುವ ಕೆಲಸವೇ ಇಲ್ಲವೇ? ಇದೆ, ಅದು ಅಜ್ಜಿ ತಾತನೇ ಮಾಡಬಲ್ಲ ಕೆಲಸ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ತಿಂದದ್ದು, ಹೊತ್ತು, ಗಂಧೆ ಎದ್ದ ಹೊತ್ತು, ಆ ದಿನ ನೆಗಡಿ ಜ್ವರ ಇತ್ತೇ, ಯಾವ ಮಾತ್ರೆ ಕೊಟ್ಟಿರಿ, ಎಲ್ಲ ಬರೆಯಿರಿ. ಫೋನಿನಲ್ಲಿ ಗಂಧೆಯ ಫೋಟೊ ತೆಗೆದಿಡಿ; ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅದು ಮಾಯವಾಗಿರುತ್ತದೆ. ಮಕ್ಕಳ ಗಂಧೆಗೆ ಎಷ್ಟೋ ಸಲ ಊಟವಲ್ಲ, ವೈರಸ್ ಜ್ವರ ಕಾರಣ. ಪಥ್ಯ ಮಾಡಿಸುವುದಾದರೆ ವೈದ್ಯರು ಹೇಳಿದ ಒಂದೇ ಪದಾರ್ಥ, ಕೆಲವೇ ವಾರ. ಪಥ್ಯಕ್ಕೆ ಕೊನೆಯ ದಿನ ಇರಲೇಬೇಕು.

ಪೀಣ್ಯದ ಅಜ್ಜಿಯವರೇ, ನೋಟ್‌ಬುಕ್, ಲ್ಯಾಬ್ ವರದಿ, ತೂಕದ ಲೆಕ್ಕ ಹಿಡಿದು ಮಗುವನ್ನು ಈ ವಾರವೇ ಮಕ್ಕಳ ತಜ್ಞರಿಗೆ ತೋರಿಸಿ. 'ಮೊದಲು ಹಾಲು, ಬೇಳೆ ತಿಂದು ಚೆನ್ನಾಗಿದ್ದ' ಎಂಬುದು ನಿಜವಾದರೆ ಅದನ್ನೇ ಮೊದಲು ಹೇಳಿ. ಆದರೆ ನೀವಾಗಿಯೇ ಇವತ್ತು ಒಂದು ಲೋಟ ಹಾಲು ಕುಡಿಸಿ ನೋಡಬೇಡಿ. ಬಹಳ ದಿನ ಬಿಟ್ಟ ಪದಾರ್ಥ ಕೆಲವು ಮಕ್ಕಳಿಗೆ ಮತ್ತೆ ಕೊಟ್ಟಾಗ ಜೋರಾಗಿ ತಿರುಗಿಬೀಳುವುದುಂಟು. ಯಾವುದನ್ನು, ಎಲ್ಲಿ, ಹೇಗೆ ಶುರುಮಾಡಬೇಕೆಂದು ವೈದ್ಯರೇ ಹೇಳಲಿ.

ನಿಜವಾದ ಅಲರ್ಜಿ ಅಪರೂಪ, ಆದರೆ ತಮಾಷೆಯಲ್ಲ. ತಿಂದ ಸ್ವಲ್ಪ ಹೊತ್ತಿಗೆ ತುಟಿ ನಾಲಿಗೆ ಊದುವುದು, ದನಿ ಬದಲಾಗುವುದು, ಉಬ್ಬಸ, ಮತ್ತೆ ಮತ್ತೆ ವಾಂತಿ, ತಲೆಸುತ್ತು ಬಂದರೆ ಮನೆಮದ್ದಿಗೆ ಕೈಹಾಕಬೇಡಿ. 108ಕ್ಕೆ ಫೋನ್ ಮಾಡಿ. ಮಗುವನ್ನು ಮಲಗಿಸಿ, ಉಸಿರಾಟ ಕಷ್ಟವಾದರೆ ಕೂರಿಸಿ, ಎಬ್ಬಿಸಿ ನಡೆಸಬೇಡಿ. ಆಗ ಜೀವ ಉಳಿಸುವುದು ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಅಲರ್ಜಿ ಮಾತ್ರೆ ಸಾಲದು.

ಮಕ್ಕಳೇ, ನಿಮಗೂ ಎರಡು ಕೆಲಸ. ಶಾಲೆಯಲ್ಲಿ ಹಾಲು, ಮೊಟ್ಟೆ ಹಂಚುವಾಗ 'ನನಗೆ ಆಗಲ್ಲ' ಎನ್ನುವ ಗೆಳೆಯನಿಗೆ ಒತ್ತಾಯ ಮಾಡಬೇಡಿ, ನಗಬೇಡಿ. ಎರಡನೆಯದು, ಅಂಗಡಿಯ ಪೊಟ್ಟಣ ಓದುವುದು. ಅಲರ್ಜಿ ತರಬಲ್ಲ ಗೋಧಿ, ಹಾಲು, ಮೊಟ್ಟೆ, ಮೀನು, ಸೀಗಡಿ, ಕಡಲೆಕಾಯಿ, ಗೋಡಂಬಿಯಂಥ ಬೀಜ, ಸೋಯಾ ಇದ್ದರೆ ಪೊಟ್ಟಣದ ಮೇಲೆ ಬರೆಯಲೇಬೇಕೆಂದು ಸರ್ಕಾರದ ನಿಯಮವಿದೆ. ಅಕ್ಷರ ಬಹಳ ಸಣ್ಣದು, ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ. ಇವತ್ತೇ ಅಡುಗೆಮನೆಯ ಬಿಸ್ಕತ್ತಿನ ಪೊಟ್ಟಣ ತಂದು, 'ಕಂಟೇನ್ಸ್' ಎಂಬ ಸಾಲು ಹುಡುಕಿ, ಅಜ್ಜಿ ತಾತನಿಗೆ ಕನ್ನಡದಲ್ಲಿ ಹೇಳಿ.