ಅಪ್ಪನೇ ಮ್ಯಾನೇಜರ್ ಆದಾಗ

2008ರ ಫೆಬ್ರುವರಿ 1ರಂದು ಲಾಸ್ ಏಂಜಲೀಸ್‌ನ ನ್ಯಾಯಾಲಯವೊಂದು, 26 ವರ್ಷದ ಪಾಪ್ ಗಾಯಕಿ ಬ್ರಿಟ್ನಿ ಸ್ಪಿಯರ್ಸ್ ತನ್ನನ್ನು ತಾನು ನೋಡಿಕೊಳ್ಳುವ ಸ್ಥಿತಿಯಲ್ಲಿಲ್ಲ ಎಂದು ತೀರ್ಮಾನಿಸಿತು. ಆಕೆಯ ದೈನಂದಿನ ಬದುಕಿನ ಹೊಣೆ ತಂದೆ ಜೇಮಿ ಸ್ಪಿಯರ್ಸ್ ಪಾಲಿಗೆ ಬಂತು. ಆಸ್ತಿಯ ಉಸ್ತುವಾರಿಗೆ ಆತನ ಜೊತೆ ಒಬ್ಬ ವಕೀಲ. ಅದೇ ವರ್ಷ ಡಿಸೆಂಬರ್ 2ರಂದು, ಆಕೆಯ ಹುಟ್ಟುಹಬ್ಬದ ದಿನವೇ, ‘ಸರ್ಕಸ್’ ಆಲ್ಬಂ ಅಂಗಡಿಗೆ ಬಂತು. ಮರುವರ್ಷ ಅದೇ ಹೆಸರಿನ ಪ್ರವಾಸದಲ್ಲಿ ನೂರರ ಹತ್ತಿರ ಕಾರ್ಯಕ್ರಮ. 2012ರಲ್ಲಿ ಟಿವಿಯ ಗಾಯನ ಸ್ಪರ್ಧೆಯಲ್ಲಿ ತೀರ್ಪುಗಾರ್ತಿಯ ಕುರ್ಚಿ. 2013ರ ಕೊನೆಯಿಂದ ನಾಲ್ಕು ವರ್ಷ ಲಾಸ್ ವೇಗಸ್‌ನಲ್ಲಿ 248 ಪ್ರದರ್ಶನ.

ತನ್ನ ಹಣದ ಮೇಲೆ ತಾನೇ ಸಹಿ ಹಾಕಲಾರದಷ್ಟು ಅಶಕ್ತೆ ಎಂದು ಕಾನೂನು ಬರೆದುಕೊಂಡ ಹೆಣ್ಣುಮಗಳು ವಾರಕ್ಕೆ ಹಲವು ರಾತ್ರಿ ಸಾವಿರಾರು ಜನರೆದುರು ಒಂದು ಹೆಜ್ಜೆ ತಪ್ಪದೆ ಕುಣಿಯುತ್ತಿದ್ದಳು. ಇವೆರಡೂ ಒಟ್ಟಿಗೆ ನಿಜವಾಗಿರುವುದು ಹೇಗೆ? ಈ ಪ್ರಶ್ನೆಯನ್ನು ಗಟ್ಟಿಯಾಗಿ ಮೊದಲು ಕೇಳಿದವರು ಅಭಿಮಾನಿಗಳು. ನ್ಯಾಯಾಲಯಕ್ಕೆ ಅದು ಸರಿಯಾಗಿ ಕೇಳಿಸುವ ಹೊತ್ತಿಗೆ 13 ವರ್ಷ ಕಳೆದಿತ್ತು.

ಇದನ್ನು ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಎಂದು ಮುಗಿಸಿಬಿಡುವುದು ಸುಲಭ. ಆದರೆ ಎಳೆಯ ವಯಸ್ಸಿನ ತಾರೆಯರ ಮನೆಗಳಲ್ಲಿ ಬೇಲಿ ಕಟ್ಟಿದವನೂ ಅಪ್ಪನೇ, ಉತ್ತವನೂ ಅವನೇ, ಫಸಲನ್ನು ಸಂತೆಗೆ ಹೊತ್ತೊಯ್ದವನೂ ಅವನೇ. ಕೆಟ್ಟ ಅಪ್ಪ, ಒಳ್ಳೆಯ ಅಪ್ಪ ಎಂಬ ವಿಂಗಡಣೆಯಿಂದ ಇಲ್ಲಿ ಹೆಚ್ಚೇನೂ ತಿಳಿಯುವುದಿಲ್ಲ. ‘ಮಗು ಸುಸ್ತಾಗಿದೆ, ಇವತ್ತು ಬೇಡ’ ಎನ್ನಬೇಕಾದವನಿಗೂ, ಇವತ್ತಿನ ಕಾರ್ಯಕ್ರಮ ನಡೆದರೆ ಪಾಲು ಸಿಗುವವನಿಗೂ ಒಂದೇ ಹೆಸರಿದ್ದರೆ ಮಗುವಿನ ಪರವಾಗಿ ಮಾತಾಡಲು ಮನೆಯಲ್ಲಿ ಯಾರು ಉಳಿದರು? ತೊಡಕು ಇರುವುದು ಅಲ್ಲಿ.

ಮೈಕೆಲ್ ಜಾಕ್ಸನ್‌ನ ಮನೆಯನ್ನು ನೋಡಿ. ಇಂಡಿಯಾನಾ ರಾಜ್ಯದ ಗ್ಯಾರಿ ಎಂಬ ಉಕ್ಕಿನ ಊರು. ತಂದೆ ಜೋ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದ. ಸಂಜೆ ಫಾಲ್ಕನ್ಸ್ ಎಂಬ ಪುಟ್ಟ ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದ. ಆ ತಂಡ ಎಲ್ಲಿಗೂ ಮುಟ್ಟಲಿಲ್ಲ. ಅಪ್ಪ ಮುಟ್ಟಬೇಡ ಎಂದಿದ್ದ ಗಿಟಾರನ್ನು ಮಗ ಟಿಟೊ ಕದ್ದು ನುಡಿಸಿದ, ತಂತಿ ಹರಿಯಿತು, ಸಿಕ್ಕಿಬಿದ್ದ. ‘ನುಡಿಸಿ ತೋರಿಸು ನೋಡೋಣ’ ಎಂಬಲ್ಲಿಂದ ಸೋದರರ ತಂಡ ಜಾಕ್ಸನ್ ಫೈವ್‌ನ ಕಥೆ ಶುರು. 1970ರ ಜನವರಿಯಲ್ಲಿ ಅವರ ಹಾಡು ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೇರಿದಾಗ ಮೈಕೆಲ್‌ಗೆ 11 ವರ್ಷ. ಆ ವರ್ಷ ಅವರ ನಾಲ್ಕು ಹಾಡುಗಳು ಒಂದರ ಹಿಂದೊಂದು ಅದೇ ಸ್ಥಾನ ಮುಟ್ಟಿದವು. ಸ್ಟುಡಿಯೊ ಎದುರಿನ ಪಾರ್ಕಿನಲ್ಲಿ ಮಕ್ಕಳು ಆಡುವ ಸದ್ದು ಕೇಳಿ ಅಳು ಬರುತ್ತಿತ್ತೆಂದು, ಅಪ್ಪನನ್ನು ಕಂಡರೆ ಹೊಟ್ಟೆ ತೊಳಸುತ್ತಿತ್ತೆಂದು ಆತ 1993ರಲ್ಲಿ ಓಪ್ರಾ ವಿನ್‌ಫ್ರೆ ಎದುರು ಕೂತು ಹೇಳಿದ. ಅಭ್ಯಾಸದಲ್ಲಿ ತಪ್ಪಿದರೆ ಬೀಳುತ್ತಿದ್ದ ಪೆಟ್ಟುಗಳನ್ನು ಜೋ ಕೂಡ ಸಂಪೂರ್ಣವಾಗಿ ಅಲ್ಲಗಳೆಯಲಿಲ್ಲ. ಮಕ್ಕಳನ್ನು ಬೀದಿಯ ಗ್ಯಾಂಗುಗಳಿಂದ ಉಳಿಸಿದ್ದು ಆ ಶಿಸ್ತೇ ಎಂಬುದು ಅವನ ವಾದ. ಅದು ಪೂರ್ತಿ ಸುಳ್ಳೂ ಅಲ್ಲ. ಗ್ಯಾರಿಯಲ್ಲಿ ಬೆಳೆದ ಕಪ್ಪು ಹುಡುಗರಿಗೆ ಆಗ ಇದ್ದ ದಾರಿಗಳು ಬೆರಳೆಣಿಕೆಯವು. ಮೈಕೆಲ್ ತೀರಿಕೊಂಡ ಮೇಲೆ ಬಯಲಾದ ಉಯಿಲಿನಲ್ಲಿ ತಾಯಿ, ಮಕ್ಕಳು, ದಾನಧರ್ಮ ಎಲ್ಲಕ್ಕೂ ಜಾಗವಿತ್ತು. ತಂದೆಗೆ ಇರಲಿಲ್ಲ.

ಬೀಚ್ ಬಾಯ್ಸ್ ತಂಡದ ವಿಲ್ಸನ್ ಸೋದರರ ತಂದೆ ಮರಿಯೂ ಕೈಗೂಡದ ಹಾಡುಗಾರಿಕೆಯವನೇ. 1964ರಲ್ಲಿ ಮಕ್ಕಳು ಧೈರ್ಯಮಾಡಿ ಅಪ್ಪನನ್ನು ಮ್ಯಾನೇಜರ್ ಕೆಲಸದಿಂದ ತೆಗೆದರು. ಮ್ಯಾನೇಜರನ್ನು ತೆಗೆಯಬಹುದು, ಅಪ್ಪನನ್ನು ತೆಗೆಯುವುದು ಹೇಗೆ? ಹಾಡುಗಳ ಹಕ್ಕು ಇಟ್ಟುಕೊಂಡಿದ್ದ ಕಂಪನಿ ಅವನ ಹಿಡಿತದಲ್ಲೇ ಉಳಿಯಿತು. 1969ರಲ್ಲಿ ಅದನ್ನು 7 ಲಕ್ಷ ಡಾಲರಿಗೆ ಮಾರಿಬಿಟ್ಟ. ಮುಂದೆ ಕೋಟಿಗಟ್ಟಲೆ ದುಡಿಯುವ ಹಾಡುಗಳು ಅವು. ಬ್ರಯಾನ್ ವಿಲ್ಸನ್‌ಗೆ ಹಣಕ್ಕಿಂತ ಹೆಚ್ಚು ತಾಗಿದ್ದು, ಈ ಹಾಡುಗಳಿಗೆ ಇನ್ನು ಭವಿಷ್ಯವಿಲ್ಲ ಎಂದು ಹೆತ್ತಪ್ಪನೇ ಲೆಕ್ಕ ಹಾಕಿದ ಸಂಗತಿ.

ಇಂಥ ಕಥೆ ಕೇಳಿದಾಗ ನಾವು ಮೊದಲು ಕೇಳುವುದು ‘ಎಷ್ಟು ಹೋಯಿತು?’ ಎಂದು. ಲೀಆನ್ ರೈಮ್ಸ್ 14 ವರ್ಷಕ್ಕೆ ಎರಡು ಗ್ರ್ಯಾಮಿ ಗೆದ್ದ ಹುಡುಗಿ. 17ನೇ ವಯಸ್ಸಿಗೆ, 2000ದಲ್ಲಿ, ತಂದೆ ಮತ್ತು ಇನ್ನೊಬ್ಬ ಮ್ಯಾನೇಜರ್ 70 ಲಕ್ಷ ಡಾಲರಿಗೂ ಹೆಚ್ಚು ತೆಗೆದುಕೊಂಡಿದ್ದಾರೆಂದು ದಾವೆ ಹೂಡಿದಳು. ಅದು ರಾಜಿಯಾಯಿತು. ದುಡ್ಡಿಗೆ ರಾಜಿ ಇದೆ, ಬಡ್ಡಿ ಇದೆ. ಬೇಡ ಎನ್ನುವ ರೂಢಿಗೆ ಅವೆರಡೂ ಇಲ್ಲ. ಸಾಮಾನ್ಯ ಮಕ್ಕಳು ಹತ್ತರಿಂದ ಇಪ್ಪತ್ತರೊಳಗೆ ಸಣ್ಣಪುಟ್ಟ ತಪ್ಪು ಮಾಡುತ್ತಾ ಬದುಕು ಕಲಿಯುತ್ತಾರೆ: ಕೆಟ್ಟ ಗೆಳೆಯ, ಫೇಲಾದ ಪರೀಕ್ಷೆ, ಒಂದೇ ವಾರದಲ್ಲಿ ಖಾಲಿಯಾದ ತಿಂಗಳ ಕೈಖರ್ಚು. ಯಾರೂ ಫೋಟೊ ತೆಗೆಯುವುದಿಲ್ಲ. ಬ್ರಿಟ್ನಿ ಹತ್ತನೇ ವಯಸ್ಸಿಗೆ ಟಿವಿ ಸ್ಪರ್ಧೆಯಲ್ಲಿ ಹಾಡಿದಾಗ ನಿರೂಪಕ ಆಕೆಗೆ ಕೇಳಿದ್ದು ಬಾಯ್‌ಫ್ರೆಂಡ್ ಬಗ್ಗೆ. ಹದಿನಾರಕ್ಕೆ ಮೊದಲ ಹಾಡು ಬಂದ ಮೇಲೆ ಆಕೆಯ ತಪ್ಪುಗಳಿಗೆಲ್ಲ ಪತ್ರಿಕೆಗಳಲ್ಲಿ ದರ ನಿಗದಿಯಾಯಿತು. ನಿರ್ಧಾರಗಳನ್ನು ಇತರರು ಮಾಡಿದರು. 26ಕ್ಕೆ ಆಕೆ ತಡವರಿಸಿದಾಗ, ನಿರ್ಧಾರ ಮಾಡಲು ಈಕೆಗೆ ಬಾರದು ಎಂದು ಅದನ್ನೇ ಸಾಕ್ಷಿಯಾಗಿ ಹಿಡಿದರು.

2021ರ ಜೂನ್ 23ರಂದು ಆಕೆ ನ್ಯಾಯಾಧೀಶರ ಮುಂದೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಮಾತಾಡಿದಳು. ಒಲ್ಲದಿದ್ದರೂ ದುಡಿಸಿದ್ದು, ಲಿಥಿಯಂ ಔಷಧಿ ಕೊಟ್ಟದ್ದು, ಇನ್ನೊಂದು ಮಗು ಬೇಕೆಂದರೂ ಗರ್ಭನಿರೋಧಕ ಸಾಧನ ತೆಗೆಸಲು ಬಿಡದಿದ್ದದ್ದು, ಎಲ್ಲವನ್ನೂ ಹೇಳಿದಳು. ಅದರಲ್ಲಿ ಒಂದು ಮಾತು ಸುದ್ದಿಯ ಗದ್ದಲದಲ್ಲಿ ಮುಳುಗಿಹೋಯಿತು: ಈ ಉಸ್ತುವಾರಿ ವ್ಯವಸ್ಥೆ ಮುಗಿಸಿ ಎಂದು ತಾನೇ ಅರ್ಜಿ ಹಾಕಬಹುದೆಂಬುದು ಆಕೆಗೆ ಗೊತ್ತೇ ಇರಲಿಲ್ಲವಂತೆ. ತಂದೆಗೆ ತಿಂಗಳಿಗೆ 16,000 ಡಾಲರ್ ಸಂಬಳ, ಎರಡೂ ಕಡೆಯ ವಕೀಲರ ಶುಲ್ಕ, ಎಲ್ಲ ಹೋಗುತ್ತಿದ್ದದ್ದು ಆಕೆಯ ಗಳಿಕೆಯಿಂದಲೇ. ತಾನು ಮಾಡಿದ್ದೆಲ್ಲ ಮಗಳ ಒಳಿತಿಗೆ, ಇಲ್ಲದಿದ್ದರೆ ಆಕೆ ಉಳಿಯುತ್ತಿರಲಿಲ್ಲ ಎಂಬ ನಿಲುವನ್ನು ಜೇಮಿ ಬಿಟ್ಟುಕೊಟ್ಟಿಲ್ಲ. 2008ರಲ್ಲಿ ಆಕೆಗೆ ನೆರವು ಬೇಕಿತ್ತು ಎಂಬುದನ್ನು ಒಪ್ಪಿಕೊಂಡರೂ, ನೆರವು ಕೊಡುವವನ ಸಂಬಳ ರೋಗಿಯ ದುಡಿಮೆಯಿಂದ ಬರುವುದಾದರೆ ರೋಗ ವಾಸಿಯಾಯಿತೆಂದು ಹೇಳುವ ಅವಸರ ಯಾರಿಗಿರುತ್ತದೆ? ಆ ನವೆಂಬರ್ 12ರಂದು ನ್ಯಾಯಾಲಯ ವ್ಯವಸ್ಥೆಯನ್ನು ಕೊನೆಗೊಳಿಸಿತು.

ಹಾಗಾದರೆ ಅಪ್ಪ ಅಮ್ಮನನ್ನು ದೂರವಿಟ್ಟು ಮಕ್ಕಳನ್ನು ವೃತ್ತಿಪರರ ಕೈಗೆ ಕೊಡೋಣವೇ? ಲೂ ಪರ್ಲ್‌ಮನ್ ಹೆಸರು ನೆನಪಾದರೆ ಆ ಮಾತು ಬಾಯಲ್ಲೇ ನಿಲ್ಲುತ್ತದೆ. ಬ್ಯಾಕ್‌ಸ್ಟ್ರೀಟ್ ಬಾಯ್ಸ್, ಎನ್‌ಸಿಂಕ್ ತಂಡಗಳನ್ನು ಕಟ್ಟಿದ ಈ ಮನುಷ್ಯ ಹುಡುಗರಿಗೆ ‘ಬಿಗ್ ಪಾಪಾ’. ಲೆಕ್ಕದಲ್ಲಿ ತನ್ನನ್ನೂ ತಂಡದ ಆರನೆಯ ಸದಸ್ಯ ಎಂದು ಸೇರಿಸಿಕೊಂಡು ಪಾಲು ಎತ್ತುತ್ತಿದ್ದ. ಎರಡೂ ತಂಡಗಳು ಕೋರ್ಟು ಹತ್ತಿದವು. ಮುಂದೆ ಬೇರೊಂದು ದೊಡ್ಡ ವಂಚನೆಗೆ 25 ವರ್ಷ ಶಿಕ್ಷೆಯಾಗಿ 2016ರಲ್ಲಿ ಸೆರೆಯಲ್ಲೇ ಸತ್ತ. ಒಳ್ಳೆಯ ಅಪ್ಪ ಅಮ್ಮ ಪಕ್ಕದಲ್ಲಿದ್ದರೆ ಇಂಥವರಿಂದ ಕಾಪಾಡಬಲ್ಲರು. ಆದರೆ ಅವರು ಅಪ್ಪ ಅಮ್ಮನಾಗಿಯೇ ಇರಬೇಕು. ಬಿಲ್ಲಿ ಐಲಿಶ್ 13ನೇ ವಯಸ್ಸಿಗೆ ಅಣ್ಣ ಬರೆದ ಹಾಡಿನಿಂದ ಹೆಸರಾದಳು. ಪ್ರವಾಸಕ್ಕೆ ತಂದೆ ತಾಯಿ ಜೊತೆಗೇ ಹೋದರು, ಮ್ಯಾನೇಜರುಗಳು ಮಾತ್ರ ಬೇರೆಯವರು. ಆಕೆಯ ಬಾಲ್ಯ ಸುಖವಾಗಿತ್ತೆಂದು ನಾವು ಹೇಳಲಾಗದು. ಆದರೆ ದಣಿವಾದರೆ ಹೇಳಿಕೊಳ್ಳಲು ಬೇರೊಂದು ಬಾಗಿಲಿತ್ತು.

ಕಾನೂನು ಈ ದಾರಿಯಲ್ಲಿ ಬಲು ನಿಧಾನ ನಡೆದಿದೆ. ಚಾಪ್ಲಿನ್‌ನ ‘ದಿ ಕಿಡ್’ ಚಿತ್ರದ ಹುಡುಗ ಜಾಕಿ ಕೂಗನ್ ಬೆಳೆದು ದೊಡ್ಡವನಾಗಿ ತನ್ನ ಲಕ್ಷಾಂತರ ಡಾಲರ್ ಎಲ್ಲಿ ಎಂದು ಕೇಳಿದಾಗ, ಮಗುವಿನ ಗಳಿಕೆ ಹೆತ್ತವರದೇ ಎಂದಿತ್ತು ಕ್ಯಾಲಿಫೋರ್ನಿಯಾ ಕಾನೂನು. 1938ರಲ್ಲಿ ತಾಯಿ, ಮಲತಂದೆಯ ಮೇಲೆ ದಾವೆ ಹೂಡಿ ಆತ ಪಡೆದದ್ದು 1,26,000 ಡಾಲರ್. ಮರುವರ್ಷ ಅವನ ಹೆಸರಿನಲ್ಲೇ ಕಾಯ್ದೆ ಬಂತಾದರೂ, ಗಳಿಕೆ ಮಗುವಿನ ಸ್ವತ್ತು, ಅದರಲ್ಲಿ ಶೇ 15 ಮುಟ್ಟದ ಠೇವಣಿ ಎಂಬ ನಿಯಮ ಜಾರಿಯಾದದ್ದು 2000ದ ಜನವರಿಯಲ್ಲಿ. ಮನೆಯಲ್ಲೇ ವಿಡಿಯೊ ಮಾಡಿ ಹಾಕುವ ಕುಟುಂಬಗಳ ಮಕ್ಕಳಿಗೂ ಪಾಲಿರಬೇಕೆಂದು ಅಮೆರಿಕದಲ್ಲಿ ಮೊದಲು ಹೇಳಿದ್ದು ಇಲಿನಾಯ್ ರಾಜ್ಯ, ಅದೂ ಜಾರಿಗೆ ಬಂದದ್ದು 2024ರ ಜುಲೈನಲ್ಲಿ.

ನಮ್ಮಲ್ಲೂ ನಿಯಮ ಇದೆ, ಟಿವಿಯ ಲಿಟ್ಲ್ ಚಾಂಪ್‌ಗಳ ಮನೆಯವರಲ್ಲಿ ಎಷ್ಟು ಮಂದಿ ಓದಿದ್ದಾರೋ. 2017ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ನಿಯಮಗಳ ಪ್ರಕಾರ ಮಗುವನ್ನು ದಿನಕ್ಕೆ ಐದು ಗಂಟೆಗಿಂತ, ಬಿಡುವಿಲ್ಲದೆ ಮೂರು ಗಂಟೆಗಿಂತ, ಸತತ 27 ದಿನಕ್ಕಿಂತ ಹೆಚ್ಚು ದುಡಿಸುವಂತಿಲ್ಲ. ನಿರ್ಮಾಪಕರು ಜಿಲ್ಲಾಧಿಕಾರಿಯಿಂದ ಅನುಮತಿ ಪಡೆಯಬೇಕು. ಗಳಿಕೆಯ ಕನಿಷ್ಠ ಶೇ 20 ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೆ ಠೇವಣಿಯಾಗಬೇಕು. ನಿರ್ಮಾಪಕ ಬೇರೆ, ಹೆತ್ತವರು ಬೇರೆ ಎಂಬ ಕಾಲದ ಲೆಕ್ಕಾಚಾರ ಇದು. ಈಗ ಮೊಬೈಲು ಹಿಡಿದು ‘ಇನ್ನೊಂದು ಸಲ ಹಾಡು ಪುಟ್ಟಿ, ಸರಿಯಾಗಿ ಬರಲಿಲ್ಲ’ ಎನ್ನುವ ಅಮ್ಮನೇ ನಿರ್ಮಾಪಕಿ. ಚಾನೆಲ್ಲಿನ ಹಣ ಬಂದು ಬೀಳುವುದು ಅವಳ ಖಾತೆಗೆ. ಉಳಿದ ಶೇ 80ರ ಬಗ್ಗೆ ನಿಯಮ ಏನೂ ಹೇಳುವುದಿಲ್ಲ.